ತೊಂದರೆ ಒಂದಕ್ಕೆ, ಕಾರಣ ಎರಡಕ್ಕೆ: ಒಂಬತ್ತು ವರ್ಷದ ಹುಡುಗಿಯ ಪ್ರಕರಣ

ನಾನು ಮಕ್ಕಳ ವೈದ್ಯೆ. ಎರಡು ವರ್ಷ ಹಗಲು ಹೊತ್ತಿನಲ್ಲೂ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದ ಒಬ್ಬ ಹುಡುಗಿಗೆ ಚಿಕಿತ್ಸೆ ಕೊಟ್ಟೆ. ಮೊದಲ ಎರಡು ತಿಂಗಳು ಅವಳನ್ನು ತಪ್ಪು ದಾರಿಯಲ್ಲಿ ಕರೆದುಕೊಂಡು ಹೋದವಳೂ ನಾನೇ. ಅದೇ ತಪ್ಪು ಇನ್ನೊಂದು ಮಗುವಿಗೆ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮನೆಯವರು ಒಪ್ಪಿದ್ದಾರೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಪುಟ್ಟಿ ಎಂದು ಕರೆಯುತ್ತೇನೆ.

ಬಂದಾಗ ಇದ್ದ ಸ್ಥಿತಿ

ಪುಟ್ಟಿಗೆ ಆಗ ಒಂಬತ್ತು ವರ್ಷ. ಅಮ್ಮನ ಜೊತೆ ಬಂದಿದ್ದಳು. ಕುರ್ಚಿಯ ತುದಿಯಲ್ಲಿ, ಕಾಲ ಮೇಲೆ ಕಾಲು ಬಿಗಿಯಾಗಿ ಹಾಕಿ ಕೂತಿದ್ದಳು. ಮಾತೆಲ್ಲ ಅಮ್ಮನದೇ. ಹದಿನಾಲ್ಕು ತಿಂಗಳಲ್ಲಿ ಮೂರು ಸಲ ಉರಿಮೂತ್ರ, ಅಂದರೆ ಮೂತ್ರದ ಸೋಂಕು, ಆಗಿತ್ತು. ವಾರದಲ್ಲಿ ನಾಲ್ಕೈದು ದಿನ ಸ್ಕೂಲಿನಿಂದ ಬರುವಾಗ ಚಡ್ಡಿ ಒದ್ದೆ ಇರುತ್ತಿತ್ತು. ವಾರಕ್ಕೆ ಎರಡು ಮೂರು ರಾತ್ರಿ ಹಾಸಿಗೆಯೂ ಒದ್ದೆ. ಪೂರ್ತಿ ಒಣಗಿದ ಆರು ತಿಂಗಳು ಅವಳ ಬದುಕಿನಲ್ಲಿ ಯಾವತ್ತೂ ಬಂದಿರಲಿಲ್ಲ.

ಅಮ್ಮ ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇಟ್ಟು ಕಳಿಸುತ್ತಿದ್ದರು. ಪಕ್ಕದಲ್ಲಿ ಕೂರುವ ಹುಡುಗಿ ಒಮ್ಮೆ ವಾಸನೆ ಎಂದು ಮೂಗು ಮುಚ್ಚಿಕೊಂಡಳಂತೆ. ಅಂದಿನಿಂದ ಪುಟ್ಟಿ ಸ್ಕೂಲಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಳು. ಬಾಟಲಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು. "ಆಟದಲ್ಲಿ ಮೈಮರೀತಾಳೆ, ಎದ್ದು ಹೋಗೋಕೆ ಸೋಮಾರಿತನ ಅಂತ ಇವಳಪ್ಪ ಬೈತಾರೆ" ಎಂದರು ಅಮ್ಮ. ಪುಟ್ಟಿ ತಲೆ ಎತ್ತಲಿಲ್ಲ.

ಇನ್ನೊಂದು ವಿಷಯವನ್ನು ಅಮ್ಮ ಹಾಗೇ ತೇಲಿಸಿ ಹೇಳಿದರು. ಆಡುತ್ತಾ ಆಡುತ್ತಾ ಪುಟ್ಟಿ ಥಟ್ಟನೆ ಕುಕ್ಕರಗಾಲಲ್ಲಿ ಕೂತು, ಒಂದು ಹಿಮ್ಮಡಿಯನ್ನು ಕೆಳಗೆ ಒತ್ತಿ ಹಿಡಿದು, ಅಲ್ಲಾಡದೆ ಇರುತ್ತಾಳಂತೆ. ಅದೇನೋ ಆಟದ ಅಭ್ಯಾಸ ಎಂದುಕೊಂಡಿದ್ದರು. ಅದು ಆಟ ಅಲ್ಲ. ಮೂತ್ರಕೋಶ ಹಿಂಡಲು ಶುರು ಮಾಡಿದಾಗ ದಾರಿಯನ್ನು ಹಿಮ್ಮಡಿಯಿಂದ ಮುಚ್ಚಿ ಹಿಡಿಯುವ ಪ್ರಯತ್ನ. ಮಗು ಸೋಮಾರಿಯಾಗಿದ್ದರೆ ಇಷ್ಟು ಕಷ್ಟಪಟ್ಟು ತಡೆಯುತ್ತಿರಲಿಲ್ಲ, ಅಲ್ವಾ?

ನಾನು ಮೊದಲು ಮಾಡಿದ್ದು

ದೊಡ್ಡ ಕಾಯಿಲೆ ಇಲ್ಲವೆಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಆ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಬಾಯಾರಿಕೆ ಜಾಸ್ತಿಯೇ, ತೂಕ ಇಳಿದಿದೆಯೇ ಎಂದು ಕೇಳಿದೆ. ಮೂತ್ರದಲ್ಲಿ ಸಕ್ಕರೆ ನೋಡಿಸಿದೆ. ಸಕ್ಕರೆ ಕಾಯಿಲೆ ಮಕ್ಕಳಲ್ಲಿ ಹಾಸಿಗೆ ಒದ್ದೆಯಾಗುವುದರಿಂದಲೂ ಶುರುವಾಗಬಹುದು. ಬೆನ್ನಿನ ಕೆಳಭಾಗದಲ್ಲಿ ಗುಳಿಯೋ ಕೂದಲ ಗುಚ್ಛವೋ ಇದೆಯೇ ಎಂದು ನೋಡಿದೆ, ಕಾಲಿನ ಶಕ್ತಿ ನೋಡಿದೆ. ಅಲ್ಲಿ ತೊಂದರೆ ಕಂಡರೆ ಬೆನ್ನುಹುರಿಯ ದೋಷವಿದೆಯೇ ಎಂದು ಹುಡುಕಬೇಕಾಗುತ್ತದೆ. ಇಡೀ ದಿನ ಬಿಡುವಿಲ್ಲದೆ ತೊಟ್ಟಿಕ್ಕುತ್ತದೆಯೇ ಎಂದೂ ಕೇಳಿದೆ. ಹಾಗಿದ್ದರೆ ಹುಟ್ಟಿನಿಂದಲೇ ಮೂತ್ರನಾಳ ತಪ್ಪು ಜಾಗಕ್ಕೆ ಸೇರಿರುವ ಸಾಧ್ಯತೆ ಇರುತ್ತದೆ. ಇದ್ಯಾವುದೂ ಪುಟ್ಟಿಗೆ ಇರಲಿಲ್ಲ. ಸ್ಕ್ಯಾನ್‌ನಲ್ಲಿ ಮೂತ್ರಪಿಂಡಗಳೆರಡೂ ಚೆನ್ನಾಗಿದ್ದವು. ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಇ. ಕೋಲಿ ಬೆಳೆಯಿತು. ಮಕ್ಕಳ ಉರಿಮೂತ್ರದಲ್ಲಿ ಸಾಮಾನ್ಯವಾಗಿ ಸಿಗುವ ಬ್ಯಾಕ್ಟೀರಿಯಾ ಅದೇ. ಆಂಟಿಬಯಾಟಿಕ್ ಕೊಟ್ಟೆ, ಉರಿ ಹೋಯಿತು.

ಚಡ್ಡಿ ಮಾತ್ರ ಒದ್ದೆಯಾಗುತ್ತಲೇ ಇತ್ತು. ಬಂತು ಎಂದರೆ ತಡೆಯಲಾಗದ ಅವಸರ, ಹಿಮ್ಮಡಿ ಒತ್ತಿ ಹಿಡಿಯುವುದು, ಸೋರುವುದು. ಮೂರನ್ನೂ ಸೇರಿಸಿ ನೋಡಿ, ಮೂತ್ರಕೋಶ ಅತಿಯಾಗಿ ಹಿಂಡುತ್ತಿದೆ ಎಂದು ತೀರ್ಮಾನಿಸಿದೆ. ಅದನ್ನು ಸಡಿಲಿಸುವ ಆಕ್ಸಿಬ್ಯುಟಿನಿನ್ ಮಾತ್ರೆ ಬರೆದುಕೊಟ್ಟೆ. ಆ ಮಾತ್ರೆ ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಒಂದು ಪ್ರಶ್ನೆ ಕೇಳಿಯೇ ಬರೆದಿದ್ದೆ: "ಮೋಷನ್ ಸರಿಯಾಗಿ ಆಗುತ್ತಾ?"

"ದಿನಾ ಆಗುತ್ತೆ ಡಾಕ್ಟ್ರೇ" ಎಂದರು ಅಮ್ಮ.

ಅಷ್ಟಕ್ಕೇ ಮುಂದೆ ಹೋದೆ. ಈ ಪ್ರಕರಣದಲ್ಲಿ ನಾನು ಎಡವಿದ್ದು ಇಲ್ಲೇ. ಒಂಬತ್ತು ವರ್ಷದ ಮಗು ಬಾಗಿಲು ಹಾಕಿಕೊಂಡು ಎರಡಕ್ಕೆ ಹೋಗುತ್ತದೆ. ಒಳಗೆ ಏನಾಗುತ್ತದೆ ಎಂದು ಅಮ್ಮನಿಗೆ ಹೇಗೆ ಗೊತ್ತಿರಬೇಕು? ಕೇಳಬೇಕಾಗಿದ್ದದ್ದು ಪುಟ್ಟಿಯನ್ನು. ಅವಳು ಎದುರಿಗೇ ಕೂತಿದ್ದಳು.

ಮೊದಲ ಎರಡು ವಾರ ಸ್ವಲ್ಪ ಕಡಿಮೆಯಾಯಿತು. ಮನೆಯವರಿಗೂ ಖುಷಿ, ನನಗೂ ಸಮಾಧಾನ. ಐದನೇ ವಾರ ಎಲ್ಲ ತಲೆಕೆಳಗಾಯಿತು. ಹೊಟ್ಟೆನೋವು ಶುರುವಾಯಿತು. ಚಡ್ಡಿ ಮೊದಲಿಗಿಂತ ಜಾಸ್ತಿ ಒದ್ದೆಯಾಗತೊಡಗಿತು. ಏಳನೇ ವಾರ ಜ್ವರದ ಜೊತೆ ನಾಲ್ಕನೇ ಸಲ ಸೋಂಕು ಬಂತು. ಜ್ವರ ಬಂದಿದೆ ಎಂದರೆ ಸೋಂಕು ಮೂತ್ರಪಿಂಡದವರೆಗೆ ಏರಿರಬಹುದು. ಆ ರಾತ್ರಿ ಅವಳ ಕಡತ ಮೊದಲಿನಿಂದ ಓದಿದೆ. ನಾನು ಬರೆದ ಪುಟಗಳಲ್ಲಿ ಪುಟ್ಟಿ ಹೇಳಿದ ಒಂದು ವಾಕ್ಯವೂ ಇರಲಿಲ್ಲ.

ಪುಟ್ಟಿಯನ್ನೇ ಕೇಳಿದಾಗ

ಸೋಂಕು ಇಳಿದ ಮೇಲೆ ಅಮ್ಮನಿಗೆ ಎರಡು ಕೆಲಸ ಹೇಳಿದೆ. ಶನಿವಾರ, ಭಾನುವಾರ ಎರಡೂ ದಿನ ಪುಟ್ಟಿ ಕುಡಿದದ್ದನ್ನೂ ಹೊಯ್ದದ್ದನ್ನೂ ಅಳೆಯುವ ಲೋಟದಲ್ಲಿ ಅಳೆದು ಬರೆಯಬೇಕು. ಸ್ಕೂಲಿನ ದಿನಗಳಲ್ಲಿ ಅಳೆಯುವುದು ಬೇಡ, ಎಷ್ಟು ಸಲ ಹೋದಳು ಎಂದು ಬರೆದರೆ ಸಾಕು. ಮೊದಲ ದಿನವೇ ಕೊಡಬೇಕಾಗಿದ್ದ ಕೆಲಸ ಇದು. ಇದಕ್ಕೆ ಯಂತ್ರವೂ ಬೇಡ, ಸೂಜಿಯೂ ಬೇಡ.

ಆ ಹಾಳೆ ಬಂದಾಗ ಎರಡು ವಿಷಯ ಎದ್ದು ಕಂಡವು. ಮೊದಲನೆಯದು, ಸ್ಕೂಲಿನ ದಿನ ಪುಟ್ಟಿ ಒಟ್ಟು ಮೂರೇ ಸಲ ಒಂದಕ್ಕೆ ಹೋಗುತ್ತಿದ್ದಳು: ಎದ್ದಾಗ, ಸ್ಕೂಲಿನಿಂದ ಬಂದಾಗ, ಮಲಗುವಾಗ. ನಡುವೆ ಎಂಟು ಗಂಟೆ ಏನೂ ಇಲ್ಲ. ಮಕ್ಕಳು ದಿನಕ್ಕೆ ನಾಲ್ಕರಿಂದ ಏಳು ಸಲ ಹೋಗುವುದು ಸಹಜ. ಎರಡನೆಯದು, ಮನೆಯಲ್ಲಿ ಅಳೆದ ದಿನಗಳಲ್ಲಿ ಒಂದು ಸಲಕ್ಕೆ 70, 90, 110 ಮಿಲಿ. ಎಲ್ಲಕ್ಕಿಂತ ದೊಡ್ಡದು 140. ಈ ವಯಸ್ಸಿನವರೆಗೆ ಒಂದು ಸುಲಭದ ಲೆಕ್ಕವಿದೆ. ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಎಷ್ಟು ಮಿಲಿ ಹಿಡಿಯಬೇಕು ಎಂಬ ಅಂದಾಜು ಸಿಗುತ್ತದೆ. ಪುಟ್ಟಿಗೆ ಅದು 300. ಅದರ ಅರ್ಧವೂ ಹಿಡಿಯುತ್ತಿರಲಿಲ್ಲ.

ಆಮೇಲೆ ಮಲದ ಆಕಾರಗಳ ಚಿತ್ರವಿರುವ ಬ್ರಿಸ್ಟಲ್ ಪಟ್ಟಿಯನ್ನು ಅವಳ ಮುಂದಿಟ್ಟೆ. ಒಂದರಿಂದ ಏಳರವರೆಗೆ ಚಿತ್ರಗಳು, ಗಟ್ಟಿ ಉಂಡೆಯಿಂದ ನೀರಿನವರೆಗೆ. "ನಿಂದು ಯಾವ ಥರ ಇರುತ್ತೆ ಪುಟ್ಟಿ?" ಎಂದೆ. ತಡಮಾಡದೆ ಮೊದಲ ಚಿತ್ರದ ಮೇಲೆ ಬೆರಳಿಟ್ಟಳು. ಬಿಡಿ ಬಿಡಿ ಗಟ್ಟಿ ಉಂಡೆಗಳು. ಸ್ವಲ್ಪ ಹೊತ್ತು ಬಿಟ್ಟು ಎರಡನೆಯದನ್ನೂ ತೋರಿಸಿದಳು. "ಒಂದೊಂದು ಸಲ ತುಂಬಾ ದೊಡ್ಡದು. ನೀರು ಹಾಕಿದ್ರೂ ಹೋಗಲ್ಲ. ನೋಯುತ್ತೆ."

ಅಮ್ಮ ಬೆರಗಾಗಿ ನೋಡಿದರು. ದಿನಾ ಆಗುತ್ತಿತ್ತು, ನಿಜ. ಆದರೆ ಸ್ವಲ್ಪ ಸ್ವಲ್ಪವೇ. ಉಳಿದದ್ದು ಒಳಗೇ ಕಟ್ಟಿಕೊಂಡಿತ್ತು. ಚಡ್ಡಿಯಲ್ಲಿ ಆಗಾಗ ಕಾಣುತ್ತಿದ್ದ ಕಲೆಯನ್ನು ಅಮ್ಮ ಸರಿಯಾಗಿ ತೊಳೆದುಕೊಳ್ಳುವುದಿಲ್ಲ ಎಂದುಕೊಂಡಿದ್ದರು. ಕಟ್ಟಿಕೊಂಡ ಗಡ್ಡೆಯ ಸುತ್ತ ನೀರಾದ ಮಲ ಜಿನುಗುತ್ತಿತ್ತು. ಅದು ಮಗುವಿಗೆ ಗೊತ್ತೂ ಆಗುವುದಿಲ್ಲ.

ಮತ್ತೆ ಸ್ಕ್ಯಾನ್ ಮಾಡಿಸಿದೆ. ಈ ಸಲ ಮೂತ್ರಪಿಂಡದ ಬದಲು ಕೆಳಗೆ ನೋಡಲು ಕೇಳಿದೆ. ಒಂದಕ್ಕೆ ಹೋಗಿ ಬಂದ ಮೇಲೂ ಮೂತ್ರಕೋಶದಲ್ಲಿ 60 ಮಿಲಿ ಉಳಿದಿತ್ತು. ಅದರ ಹಿಂದೆ ಕರುಳಿನ ಕೊನೆಯ ಭಾಗ 4.5 ಸೆಂಟಿಮೀಟರ್ ಅಗಲ ಹಿಗ್ಗಿತ್ತು. 3 ಸೆಂಟಿಮೀಟರ್ ದಾಟಿದರೆ ಮಲ ತುಂಬಿಕೊಂಡಿದೆ ಎಂದು ಅನುಮಾನಿಸಬೇಕು.

ಈಗ ಎಲ್ಲ ಒಂದಕ್ಕೊಂದು ಸೇರಿತು. ಕರುಳಿನ ತುದಿ ಮತ್ತು ಮೂತ್ರಕೋಶ ಒಂದೇ ಗೂಡಿನಲ್ಲಿ ಹಿಂದೆ ಮುಂದೆ ಇವೆ. ಎರಡಕ್ಕೂ ಒಂದೇ ಕಡೆಯಿಂದ ನರಗಳು ಬರುತ್ತವೆ. ಎರಡನ್ನೂ ಮುಚ್ಚಿ ತೆರೆಯುವುದು ಕೆಳಹೊಟ್ಟೆಯ ತಳದ ಸ್ನಾಯುಗಳು. ಹಿಂದಿನ ಕೋಣೆ ತುಂಬಿ ಉಬ್ಬಿದರೆ ಮುಂದಿನದಕ್ಕೆ ಹಿಗ್ಗಲು ಜಾಗವೇ ಇಲ್ಲ. ಸ್ವಲ್ಪ ತುಂಬಿದ ಕೂಡಲೇ ಹಿಂಡುತ್ತದೆ. ನೋವಿಗೆ ಹೆದರಿ ಮಲವನ್ನು ಬಿಗಿಹಿಡಿಯುವ ಮಗು ಒಂದಕ್ಕೆ ಹೋಗುವಾಗಲೂ ಆ ಸ್ನಾಯುಗಳನ್ನು ಪೂರ್ತಿ ಸಡಿಲ ಬಿಡುವುದಿಲ್ಲ. ಮೂತ್ರ ಉಳಿಯುತ್ತದೆ. ಉಳಿದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನಾನು ಕೊಟ್ಟ ಮಾತ್ರೆ ಮಲವನ್ನು ಇನ್ನಷ್ಟು ಕಟ್ಟಿತು, ಮೂತ್ರಕೋಶ ಖಾಲಿಯಾಗುವುದನ್ನು ಇನ್ನಷ್ಟು ತಡೆಯಿತು.

ಇದು ಅಪರೂಪದ ಸಂಗತಿಯೂ ಅಲ್ಲ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೀರ್ಘಕಾಲದ ಮಲಬದ್ಧತೆ ಇದ್ದ 234 ಮಕ್ಕಳನ್ನು ಗಮನಿಸಿದ್ದರು. ಅವರಲ್ಲಿ 29% ಮಕ್ಕಳು ಹಗಲಲ್ಲಿ, 34% ಮಕ್ಕಳು ರಾತ್ರಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಮಲಬದ್ಧತೆ ಸರಿಹೋದಾಗ ಅಂಥವರ ಪೈಕಿ 89% ಮಕ್ಕಳ ಹಗಲಿನ ತೊಂದರೆ, 63% ಮಕ್ಕಳ ರಾತ್ರಿಯ ತೊಂದರೆ ನಿಂತಿತು. ಈ ಸಂಬಂಧ ನಾನು ಓದಿದ್ದೇ. ಓದಿದ್ದು ಆ ದಿನ ಕೆಲಸಕ್ಕೆ ಬರಲಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಸ್ಕೂಲಿನಲ್ಲಿ ಎಂಟು ಗಂಟೆ ಯಾಕೆ ಹೋಗುತ್ತಿರಲಿಲ್ಲ? ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ. ನರ್ಸ್ ಜೊತೆಗಿದ್ದರು. ಪುಟ್ಟಿ ಮೆಲ್ಲಗೆ ಹೇಳಿದಳು: "ಅಲ್ಲಿ ಚಿಲಕ ಬೀಳಲ್ಲ ಆಂಟಿ. ಒಂದು ಸಲ ಒಳಗಿದ್ದಾಗ ಯಾರೋ ಬಾಗಿಲು ತೆಗೆದ್ರು. ಎಲ್ಲರೂ ನಕ್ಕರು." ತರಗತಿಯ ನಡುವೆ ಕೇಳಿದರೆ ಬ್ರೇಕಿನಲ್ಲಿ ಹೋಗು ಎನ್ನುತ್ತಾರೆ. ಬ್ರೇಕಿನಲ್ಲಿ ಸಾಲು. ಸಾಲು ಕರಗುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಯಾರಾದರೂ ಹೆದರಿಸಿದ್ದಾರೆಯೇ, ಮೈ ಮುಟ್ಟಿದ್ದಾರೆಯೇ ಎಂದೂ ನಿಧಾನವಾಗಿ ಕೇಳಿದೆ. ಇಂಥ ಮಾತಿನಲ್ಲಿ ಅದನ್ನು ಕೇಳದೆ ಬಿಡಬಾರದು. ಹಾಗೇನೂ ಆಗಿರಲಿಲ್ಲ. ಒಂದು ಮುರಿದ ಚಿಲಕ, ಅಷ್ಟೇ. ಅದಕ್ಕೆ ಒಂದು ಮಗು ಎರಡು ವರ್ಷ ಬೆಲೆ ತೆತ್ತಿತ್ತು.

ಅಪ್ಪನ ಮಾತು

ಮುಂದಿನ ಸಲ ಅಪ್ಪನನ್ನೂ ಕರೆಸಿದೆ. ಅವರು ಗೋಡೆಗೆ ಒರಗಿ ನಿಂತೇ ಇದ್ದರು. ಇದು ಎಷ್ಟು ಮಕ್ಕಳಲ್ಲಿ ಇರುತ್ತದೆ ಎಂದು ಹೇಳತೊಡಗಿದೆ. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ. ಏಳು ವರ್ಷದಲ್ಲಿ 5ರಿಂದ 10 ಮಂದಿ. ಹತ್ತು ವರ್ಷದಲ್ಲೂ ಸುಮಾರು 5 ಮಂದಿ. ಹದಿನೈದು ವರ್ಷದಲ್ಲಿ ನೂರಕ್ಕೆ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ರಾತ್ರಿಯ ತೊಂದರೆ ಗಂಡುಮಕ್ಕಳಲ್ಲಿ ಜಾಸ್ತಿ, ಹಗಲಿನದು ಹೆಣ್ಣುಮಕ್ಕಳಲ್ಲಿ ಜಾಸ್ತಿ. ಏಳು ವರ್ಷ ತುಂಬುವಷ್ಟರಲ್ಲಿ ನೂರರಲ್ಲಿ ಸುಮಾರು 8 ಹೆಣ್ಣುಮಕ್ಕಳಿಗೆ ಒಮ್ಮೆಯಾದರೂ ಉರಿಮೂತ್ರ ಆಗಿರುತ್ತದೆ. ಅಂದರೆ ಪುಟ್ಟಿಯ ತರಗತಿಯಲ್ಲೇ ಇನ್ನೂ ಒಬ್ಬಿಬ್ಬರು ಇರಬಹುದು. ಯಾರೂ ಹೇಳಿಕೊಳ್ಳುವುದಿಲ್ಲ, ಹಾಗಾಗಿ ಪ್ರತಿ ಮಗುವೂ ತಾನೊಬ್ಬಳೇ ಎಂದುಕೊಳ್ಳುತ್ತದೆ.

ರಾತ್ರಿಯ ತೊಂದರೆ ವಂಶದಲ್ಲಿ ಬರುವುದೂ ಉಂಟು ಎಂದೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 40. ಇಬ್ಬರಿಗೂ ಇದ್ದರೆ 70 ದಾಟುತ್ತದೆ.

ಅಪ್ಪ ಕುರ್ಚಿ ಎಳೆದು ಕೂತರು. "ನನಗೂ ಇತ್ತು ಡಾಕ್ಟ್ರೇ" ಎಂದರು. "ಹನ್ನೆರಡು ವರ್ಷದವರೆಗೆ. ಹಾಸಿಗೆ ಹೊರಗೆ ಒಣಗಿಸೋಕೆ ಬಿಡ್ತಿರ್ಲಿಲ್ಲ ನಾನು, ಯಾರಾದ್ರೂ ನೋಡ್ತಾರೆ ಅಂತ."

ಮದುವೆಯಾಗಿ ಹದಿನೇಳು ವರ್ಷವಾಗಿತ್ತು. ಹೆಂಡತಿಗೂ ಗೊತ್ತಿರಲಿಲ್ಲ. ಪುಟ್ಟಿ ಕತ್ತೆತ್ತಿ ಅಪ್ಪನ ಮುಖ ನೋಡಿದಳು. "ನಿಂಗೂನಾ ಅಪ್ಪಾ?" ಅವರು ಹೂಂ ಎಂದರು. ಅವಳು ಕುರ್ಚಿಯಲ್ಲಿ ಹಿಂದೆ ಸರಿದು ಒರಗಿ ಕೂತಳು. ಅಲ್ಲಿಯವರೆಗೆ ಒಂದು ಸಲವೂ ಹಾಗೆ ಕೂತಿರಲಿಲ್ಲ. ಔಷಧಿಗಿಂತ ಮೊದಲು ಗುಣ ಶುರುವಾದದ್ದು ಆ ಗಳಿಗೆಯಲ್ಲಿ ಎಂದು ನಾನು ಈಗಲೂ ನಂಬುತ್ತೇನೆ. ಮನೆಯಲ್ಲಿ ಬೈಗುಳ ನಿಂತಿತು. ಬೈಗುಳಕ್ಕೆ ಹೆದರುವ ಮಗು ಒದ್ದೆ ಬಟ್ಟೆ ಬಚ್ಚಿಡುತ್ತದೆ, ಬಚ್ಚಿಟ್ಟರೆ ನಮಗೆ ಏನೂ ತಿಳಿಯುವುದಿಲ್ಲ.

ಚಿಕಿತ್ಸೆ, ಮತ್ತು ಮೂರನೇ ತಿಂಗಳು

ಆಕ್ಸಿಬ್ಯುಟಿನಿನ್ ನಿಲ್ಲಿಸಿದೆ. ಮೊದಲು ಕರುಳು ಖಾಲಿ ಮಾಡಬೇಕು, ಮೂತ್ರಕೋಶದ ವಿಷಯ ಆಮೇಲೆ ಎಂದು ತೀರ್ಮಾನಿಸಿದೆವು. ನೀರಿನಲ್ಲಿ ಕಲಸಿ ಕುಡಿಯುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಕೆಲವು ದಿನ ಹೆಚ್ಚಿಸುತ್ತಾ ಹೋಗಿ, ಕಟ್ಟಿದ್ದೆಲ್ಲ ಹೊರಬಂದ ಮೇಲೆ ಸಣ್ಣ ಪ್ರಮಾಣದಲ್ಲಿ ದಿನಾ ಮುಂದುವರಿಸುವುದು. ಈ ಖಾಲಿ ಮಾಡುವ ವಾರವನ್ನು ಬೇಕೆಂದೇ ಸ್ಕೂಲಿನ ರಜೆಗೆ ಇಟ್ಟುಕೊಂಡೆವು. ತರಗತಿಯಲ್ಲಿ ಏನಾದರೂ ಆಗಿಬಿಟ್ಟರೆ ಮಗು ಮತ್ತೆ ಔಷಧಿ ಮುಟ್ಟುತ್ತಿರಲಿಲ್ಲ.

ಬೆಳಿಗ್ಗೆ ತಿಂಡಿಯಾದ ಮೇಲೆ ಹತ್ತು ನಿಮಿಷ ಟಾಯ್ಲೆಟ್‌ನಲ್ಲಿ ಕೂರಬೇಕು. ಹೊಟ್ಟೆಗೆ ಊಟ ಬಿದ್ದಾಗ ಕರುಳು ತಾನಾಗಿ ಚುರುಕಾಗುತ್ತದೆ. ಕಮೋಡಿನ ಮೇಲೆ ಅವಳ ಕಾಲು ನೆಲ ಮುಟ್ಟುತ್ತಿರಲಿಲ್ಲ. ಕಾಲು ನೇತಾಡುತ್ತಿದ್ದರೆ ತಳದ ಸ್ನಾಯು ಸಡಿಲವಾಗುವುದಿಲ್ಲ. ಒಂದು ಸಣ್ಣ ಸ್ಟೂಲ್ ಇಟ್ಟರು. ಒಂದಕ್ಕೆ ಕೂರುವಾಗಲೂ ಚಡ್ಡಿ ಪೂರ್ತಿ ಕೆಳಗಿಳಿಸಿ, ಮಂಡಿ ಅಗಲಿಸಿ, ಸ್ವಲ್ಪ ಮುಂದೆ ಬಾಗಿ ಕೂರುವುದನ್ನು ಕಲಿಸಿದೆವು. ಮುಗಿದ ಮೇಲೆ ಎದ್ದು ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಬೇಕು. ಅನಿಸಲಿ ಬಿಡಲಿ, ಎರಡು ಎರಡೂವರೆ ಗಂಟೆಗೊಮ್ಮೆ ಹೋಗಬೇಕು. ಕೈಗೆ ಮೆಲ್ಲಗೆ ನಡುಗುವ ವಾಚ್ ಕಟ್ಟಿದರು. ಸಂಜೆ ಒಂದೇ ಉಸಿರಿಗೆ ಕುಡಿಯುತ್ತಿದ್ದ ನೀರನ್ನು ದಿನವಿಡೀ ಹಂಚಿ ಒಂದೂವರೆ ಲೀಟರಿಗೆ ತಂದೆವು. ನೀರು ಕಡಿಮೆ ಕುಡಿದರೆ ಒದ್ದೆ ಕಡಿಮೆ ಎಂದು ಎಲ್ಲರಿಗೂ ಅನಿಸುತ್ತದೆ. ಆಗುವುದು ಉಲ್ಟಾ. ಮಲ ಗಟ್ಟಿಯಾಗುತ್ತದೆ, ಸೋಂಕಿಗೂ ದಾರಿಯಾಗುತ್ತದೆ.

ಸ್ಕೂಲಿಗೆ ಪತ್ರ ಬರೆದೆ. ಕಾಯಿಲೆಯ ವಿವರ ಹಾಕಲಿಲ್ಲ. ಈ ಮಗು ಕೇಳದೆ ಎದ್ದುಹೋಗಲು ಬಿಡಬೇಕು, ಚಿಲಕ ಬೀಳುವ ಟಾಯ್ಲೆಟ್ ಕೊಡಬೇಕು ಎಂದಷ್ಟೇ. ತರಗತಿಯ ಟೀಚರ್ ಶಿಕ್ಷಕರ ಟಾಯ್ಲೆಟ್ ಬಳಸಲು ಬಿಟ್ಟರು.

ಮೂರು ವಾರಕ್ಕೆ ಚಡ್ಡಿಯ ಕಲೆ ನಿಂತಿತು. ಆರು ವಾರಕ್ಕೆ ಅವಸರ ಕಡಿಮೆಯಾಯಿತು. ಹಿಮ್ಮಡಿ ಮೇಲೆ ಕೂರುವುದನ್ನು ಅಮ್ಮ ನೋಡಿ ಎಷ್ಟೋ ದಿನವಾಗಿತ್ತು. ಮೂರನೇ ತಿಂಗಳಲ್ಲಿ ಮತ್ತೆ ಒದ್ದೆ ಶುರು. ಕೇಳಿದರೆ, ಎಲ್ಲ ಸರಿಯಾಯಿತಲ್ಲ ಎಂದು ಪುಡಿ ನಿಲ್ಲಿಸಿದ್ದರು. ಅದು ಚಟವಾಗುತ್ತದೆ, ಕರುಳು ಸೋಮಾರಿಯಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ತಪ್ಪು ನನ್ನದೂ ಹೌದು. ಎಷ್ಟು ತಿಂಗಳು ಎಂದು ಹೇಳಿದ್ದೆ, ಯಾಕೆ ಎಂದು ಹೇಳಿರಲಿಲ್ಲ. ಆ ದಿನ ಒಂದು ಬಲೂನು ಊದಿ ಗಾಳಿ ಬಿಟ್ಟು ತೋರಿಸಿದೆ. ಜೋತುಬಿದ್ದ ರಬ್ಬರ್ ಹಾಗೆ ಹಿಗ್ಗಿದ ಕರುಳು ಮೊದಲ ಬಿಗಿಗೆ ಬರಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಮಲ ಮೆತ್ತಗಿರಬೇಕು, ಈ ಪುಡಿ ಮಲದಲ್ಲಿ ನೀರು ಹಿಡಿದಿಡುತ್ತದೆ ಅಷ್ಟೇ, ಚಟವಾಗುವುದಿಲ್ಲ ಎಂದೆ. ಮತ್ತೆ ಶುರು ಮಾಡಿದರು. ಆಮೇಲೆ ತಪ್ಪಿಸಲಿಲ್ಲ.

ಆರು ತಿಂಗಳಿಗೆ ಹಗಲು ಪೂರ್ತಿ ಒಣಗಿತ್ತು. ಉಳಿಯುತ್ತಿದ್ದ 60 ಮಿಲಿ 8ಕ್ಕೆ ಇಳಿದಿತ್ತು. ಕರುಳಿನ ಅಗಲ 2.6 ಸೆಂಟಿಮೀಟರ್. ಸೋಂಕು ಮತ್ತೆ ಬರಲಿಲ್ಲ. ರಾತ್ರಿಯದು ಎರಡು ವಾರಕ್ಕೊಮ್ಮೆ ಉಳಿದಿತ್ತು. ಅದಕ್ಕೆಂದು ಬೇರೆ ಏನೂ ಕೊಡಲಿಲ್ಲ. ಹತ್ತನೇ ತಿಂಗಳಿಗೆ ಅದೂ ನಿಂತಿತು. ಪುಡಿಯನ್ನು ನಿಧಾನವಾಗಿ ಇಳಿಸುತ್ತಾ ಬಂದೆವು.

ಅಣ್ಣ

ಅಪ್ಪ ಮಾತಾಡಿದ ವಾರದಲ್ಲೇ ಒಂದು ಫೋನ್ ಬಂತು. ಪುಟ್ಟಿಯ ಅಣ್ಣನಿಗೆ ಹದಿನೈದು. ಮೂರು ವರ್ಷದಿಂದ ಸ್ಕೂಲಿನ ಯಾವ ಪ್ರವಾಸಕ್ಕೂ ಹೋಗಿರಲಿಲ್ಲ. ಬೆಳಗಾಗುವ ಮೊದಲೇ ಎದ್ದು ತನ್ನ ಹೊದಿಕೆ ತಾನೇ ಒಗೆಯುತ್ತಿದ್ದ. ಮಗ ಎಷ್ಟು ಶಿಸ್ತು ಕಲಿತ ಎಂದು ಅಮ್ಮ ಹೆಮ್ಮೆಪಟ್ಟಿದ್ದರು. ಅಪ್ಪನ ಕಥೆ ಕೇಳಿದ ರಾತ್ರಿ ಅವನು ಬಾಯಿಬಿಟ್ಟ.

ಅವನಿಗೆ ಹಗಲಿನ ತೊಂದರೆ ಇರಲಿಲ್ಲ, ಮಲಬದ್ಧತೆಯೂ ಇರಲಿಲ್ಲ. ಅವನನ್ನು ಕೇಳಿಯೇ ಖಚಿತ ಮಾಡಿಕೊಂಡೆ. ರಾತ್ರಿ ಮೂತ್ರ ಜಾಸ್ತಿ ಆಗುತ್ತಿತ್ತು, ತುಂಬಿದಾಗ ಎಚ್ಚರವಾಗುತ್ತಿರಲಿಲ್ಲ. ವಯಸ್ಸಾದಂತೆ ತಾನಾಗಿ ಹೋಗುತ್ತದೆ ಎನ್ನುವ ಮಾತು ಸುಳ್ಳಲ್ಲ. ಪ್ರತಿವರ್ಷ ಇಂಥ ನೂರು ಮಕ್ಕಳಲ್ಲಿ ಸುಮಾರು 15 ಮಂದಿಗೆ ಹಾಗೇ ನಿಲ್ಲುತ್ತದೆ. ಆದರೆ ಹದಿನೈದರ ಹುಡುಗನಿಗೆ ಸುಮ್ನೆ ಕಾಯಿ ಎನ್ನುವುದು ನ್ಯಾಯವಲ್ಲ. ಅವನಿಗೆ ಎರಡು ದಾರಿ ವಿವರಿಸಿದೆ. ಒದ್ದೆಯಾದ ಕೂಡಲೇ ಸದ್ದು ಮಾಡಿ ಎಬ್ಬಿಸುವ ಅಲಾರಂ ಕೆಲವು ತಿಂಗಳು ಹಿಡಿಯುತ್ತದೆ, ಬಿಡದೆ ಬಳಸಿದರೆ ಮೂವರಲ್ಲಿ ಇಬ್ಬರಿಗೆ ಫಲ ಕೊಡುತ್ತದೆ. ಡೆಸ್ಮೋಪ್ರೆಸಿನ್ ಮಾತ್ರೆ ಆ ರಾತ್ರಿಯ ಮೂತ್ರವನ್ನು ಕಡಿಮೆ ಮಾಡುತ್ತದೆ. ತೆಗೆದುಕೊಳ್ಳುವ ಒಂದು ಗಂಟೆ ಮೊದಲಿನಿಂದ ಬೆಳಗಿನವರೆಗೆ ನೀರು ಕುಡಿಯಬಾರದು. ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗಬಹುದು. ಆಯ್ಕೆ ಅವನಿಗೇ ಬಿಟ್ಟೆ. ಮನೆಯಲ್ಲಿ ಅಲಾರಂ, ಪ್ರವಾಸಕ್ಕೆ ಮಾತ್ರೆ ಎಂದ. ಮಾತ್ರೆಯನ್ನು ಮೊದಲು ಎರಡು ವಾರ ಮನೆಯಲ್ಲೇ ಪರೀಕ್ಷಿಸಿ ನೋಡಿದ. ಆ ವರ್ಷ ಮೂರು ರಾತ್ರಿಯ ಪ್ರವಾಸಕ್ಕೆ ಹೋಗಿಬಂದ.

ಈಗ ನನ್ನ ಮೇಜಿನ ಮೇಲೆ ಆ ಚಿತ್ರದ ಪಟ್ಟಿ ಸದಾ ಇರುತ್ತದೆ. ಒದ್ದೆಯ ದೂರು ಎಂದರೆ ಮೊದಲು ಮಗುವಿನ ಕಡೆಗೆ ತಿರುಗಿಸುತ್ತೇನೆ. ಎರಡು ದಿನದ ಅಳತೆಯ ಹಾಳೆ ಬರುವವರೆಗೆ ಮೂತ್ರಕೋಶದ ಮಾತ್ರೆ ಬರೆಯುವುದಿಲ್ಲ.

ಕೊನೆಯ ಭೇಟಿಯಲ್ಲಿ ಪುಟ್ಟಿ ಬಾಗಿಲವರೆಗೆ ಹೋದವಳು ತಿರುಗಿ ಬಂದಳು. "ಆಂಟಿ, ನಮ್ಮ ಕ್ಲಾಸಲ್ಲಿ ಇನ್ನೊಬ್ಬಳು ಇದಾಳೆ. ಅವಳೂ ಹಿಮ್ಮಡಿ ಮೇಲೆ ಕೂರ್ತಾಳೆ. ನೀರೂ ಕುಡಿಯಲ್ಲ. ಅವಳಿಗೆ ಹೇಳ್ಲಾ?"

ಎಲ್ಲರೆದುರು ಬೇಡ, ಅವಳೊಬ್ಬಳೇ ಇದ್ದಾಗ ಹೇಳು ಎಂದೆ. ಚಿಲಕ ಬೀಳುವ ಟಾಯ್ಲೆಟ್ ಎಲ್ಲಿದೆ ಎಂದೂ ತೋರಿಸು ಎಂದೆ.